ಶೇವಂತಿಗೆ ಹೇಳಿದ್ದು

ಚೋರ್ಲಾ ಘಾಟಿನಲ್ಲಿ ಲಾರಿ ಮಗುಚಿದಾಗ ಡ್ರೈವರ್ ಗನಿಗೆ ಮುರಿದದ್ದು ಭುಜದ ಎಲುಬೊಂದೇ. ಪಕ್ಕದಲ್ಲಿ ಕೂತಿದ್ದ ಕ್ಲೀನರ್ ಯಲ್ಲೇಶ ಉಳಿಯಲಿಲ್ಲ. ಖಾನಾಪುರದ ಹಂಚು ಹೇರಿಕೊಂಡು, ಜಾಂಬೋಟಿ ದಾಟಿ, ಗೋವಾಕ್ಕೆ ಇಳಿಯುವ ಆ ದಾರಿಯಲ್ಲಿ ಇಬ್ಬರೂ ಜೊತೆಯಾಗಿ ಎಷ್ಟೋ ಮಳೆಗಾಲ ಕಳೆದವರು. ಗನಿಯ ಎಲುಬು ಕೂಡಿತು. ಮುಚ್ಚಿದ ಬಾಯಿ ಮಾತ್ರ ತೆರೆಯಲಿಲ್ಲ.

ಹೆಂಡತಿ ಮರಿಯಮ ಮೊದಮೊದಲು ಅದನ್ನು ದುಃಖ ಎಂದುಕೊಂಡಳು. ದುಃಖವಾದರೆ ಅದಕ್ಕೊಂದು ಕೊನೆ ಇರುತ್ತದಲ್ಲ. ರಂಜಾನ್ ಬಂದು ಹೋಯಿತು. ಮಗಳು ಹುಬ್ಬಳ್ಳಿಯಿಂದ ಕೂಸನ್ನು ತಂದು ಅಪ್ಪನ ತೊಡೆಯ ಮೇಲೆ ಮಲಗಿಸಿದಳು. ಗನಿ ಕೂಸನ್ನು ನೋಡಿದ, ಆಮೇಲೆ ಬಾಗಿಲು ನೋಡಿದ, ಅಷ್ಟೇ. ಕರೆದರೆ ಊಟಕ್ಕೆ ಬರುತ್ತಿದ್ದ, ಹಾಕಿದ್ದನ್ನು ಉಣ್ಣುತ್ತಿದ್ದ. ಬೆಳಗಾವಿಯ ಡಾಕ್ಟರು ಕೊಟ್ಟ ಗುಳಿಗೆಯಿಂದ ನಿದ್ದೆ ಬಂತು, ಮಾತು ಬರಲಿಲ್ಲ.

ಆ ಡಾಕ್ಟರ ಹತ್ತಿರ ಆಪ್ತಸಲಹೆ ಮಾಡುತ್ತಿದ್ದ ದಾನೇಶ್ವರಿ ಒಂದು ದಿನ ಮರಿಯಮಳನ್ನು ಬದಿಗೆ ಕರೆದಳು. “ಮಚ್ಛೆ ಹತ್ರ ಒಂದು ಟ್ರಸ್ಟಿನ ತೋಟ ಐತ್ರಿ. ಕುದರಿ, ನಾಯಿ, ಮೊಲ ಎಲ್ಲಾ ಅದಾವು. ಮನಶ್ಯಾರ ಮುಂದ ಬಾಯಿ ಬಿಡದವ್ರು ಒಮ್ಮೊಮ್ಮೆ ಅವುಗಳ ಮುಂದ ಬಿಡ್ತಾರ. ಗ್ಯಾರಂಟಿ ಅಂತ ನಾ ಹೇಳಾಂಗಿಲ್ಲ. ಒಮ್ಮೆ ಕರ್ಕೊಂಡು ಬರ್ರಿ.”

“ನಾಯಿ ಬ್ಯಾಡ್ರೀ. ನಾಯಿ ಮುಟ್ಟಿದ್ರ ನಮಾಜಿಗೆ ತ್ರಾಸ ಆಗ್ತದ,” ಎಂದಳು ಮರಿಯಮ. ಗನಿ ನಮಾಜು ಬಿಟ್ಟು ಎಷ್ಟು ದಿನವಾಯಿತೆಂಬುದನ್ನು ಹೇಳಲಿಲ್ಲ.

“ಹಂಗಾರ ಕುದರಿ ನೋಡೂಣು.”

ಕುದುರೆಯ ಹೆಸರು ಶೇವಂತಿ. ಬೆಳಗಾವಿಯ ಶಹಾಪುರದ ಮದುವೆಗಳಲ್ಲಿ ವರರನ್ನು ಹೊತ್ತು, ಬ್ಯಾಂಡಿಗೂ ಪಟಾಕಿಗೂ ಬೆದರದೆ ಮುದಿಯಾದ ಬಿಳಿ ಹೆಣ್ಣುಕುದುರೆ. ಅದನ್ನು ನೋಡಿಕೊಳ್ಳುತ್ತಿದ್ದ ಬಸಯ್ಯ ಗನಿಯ ಕೈಗೆ ಬ್ರಷ್ ಕೊಟ್ಟ. “ಕೂದ್ಲ ಹೋದ ಕಡೀಗೇ ತಿಕ್ರಿ. ಮಾತಾಡ್ಸೂದಿದ್ರ ಕನ್ನಡದಾಗ ಮಾತಾಡಸ್ರಿ. ಅದಕ್ಕ ಬ್ಯಾರೆ ಭಾಷಾ ತಿಳ್ಯಾಂಗಿಲ್ಲ,” ಎಂದು ತಾನೇ ನಕ್ಕ. ಗನಿ ನಗಲಿಲ್ಲ. ಆದರೆ ಬ್ರಷ್ ಕೆಳಗಿಡಲೂ ಇಲ್ಲ.

ಅಂದಿನಿಂದ ಪ್ರತಿ ಬುಧವಾರ ಇಬ್ಬರೂ ಖಾನಾಪುರದಲ್ಲಿ ಬಸ್ಸು ಹತ್ತಿ ಮಚ್ಛೆಯಲ್ಲಿ ಇಳಿಯತೊಡಗಿದರು. ಮಾತು ಬಾರದ ಮಕ್ಕಳನ್ನು ಕರೆತಂದ ತಾಯಂದಿರ ಜೊತೆ ಮರಿಯಮ ಬೇವಿನ ಮರದ ಕೆಳಗೆ ಕೂರುತ್ತಿದ್ದಳು. ಅದೊಂದು ಬುಧವಾರ ಒಮ್ಮೆಲೇ ಮಳೆ ಹೊಡೆಯಿತು. ಅವಳು ಸೆರಗು ಹೊದ್ದು ಓಡಿ ಲಾಯದ ಹಿಂಗೋಡೆಯ ಸೂರಿನಡಿ ನಿಂತಳು. ಒಳಗಿಂದ ಗಂಡಸಿನ ದನಿ ಬರುತ್ತಿತ್ತು. ಬಸಯ್ಯನದಿರಬೇಕು ಎಂದುಕೊಂಡಳು. ಬಸಯ್ಯ ಅಂಗಳದಾಚೆ ಮೇವು ಮುಚ್ಚುತ್ತಿದ್ದ.

“ಇವತ್ತ ನಮ್ಮ ಮನಿಯಾಕಿ ಒಂದು ರೊಟ್ಟಿ ಸುಟ್ಟಳು. ಸುಟ್ಟದ್ದು ತನಗಿಟ್ಕೊಂಡು ಚೊಲೋದು ನನಗ ಹಾಕಿದ್ಲು. ನಾ ನೋಡಿಲ್ಲ ಅಂತ ತಿಳ್ಕೊಂಡಾಳ. ಮೊಣಕಾಲು ನೋಯಾಕತ್ತಾವ ಅಕೀಗೆ. ಬಸ್ ಹತ್ತೂವಾಗ ಕಂಬಿ ಹಿಡ್ಕೊಂಡು ನಿಂತಬಿಟ್ಲು… ಹಾಂ, ಆ ಕಾಲೆತ್ತು. ಶಾಬಾಸ್.”

ಮರಿಯಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವರ ಮನೆಮಾತು ಉರ್ದು. ನಿಕಾಹ್ ಆದಂದಿನಿಂದ ಗನಿ ಅವಳೊಡನೆ ಕನ್ನಡ ಆಡಿದವನೇ ಅಲ್ಲ. ಕನ್ನಡ ಲಾರಿಯ ಭಾಷೆ, ಯಲ್ಲೇಶನೊಡನೆ ಹಗಲಿರುಳು ಆಡಿದ ಭಾಷೆ. ಗಂಡ ಬದುಕಿದ್ದಾನೆ, ಎಲ್ಲವನ್ನೂ ನೋಡುತ್ತಿದ್ದಾನೆ ಎಂಬ ಸಂತೋಷಕ್ಕೆ ಅವಳು ಮಳೆಯನ್ನೂ ಮರೆತು ಗೋಡೆಗೆ ಕಿವಿ ಹಚ್ಚಿದಳು. ಅದರ ಬೆನ್ನಿಗೇ, ಇಷ್ಟು ದಿನ ಕಾದ ನನಗಿಲ್ಲದ್ದು ಈ ಕುದುರೆಗೆ ಸಿಕ್ಕಿತಲ್ಲ ಎಂಬ ಉರಿಯೂ ಹತ್ತಿತು.

“ಮನ್ಯಾಗ ಅವಸರ ಮಾಡಬ್ಯಾಡ್ರಿ. ಕೇಳೀನಿ ಅಂತನೂ ಹೇಳಬ್ಯಾಡ್ರಿ. ತಾವಾಗೇ ಬರ್ಲಿ,” ಎಂದಳು ದಾನೇಶ್ವರಿ, ಮರಿಯಮ ಕೇಳಿದ್ದನ್ನು ತಿಳಿಸಿದಾಗ.

ಮರಿಯಮ ಗಂಡನಿಗೆ ಹೇಳಲಿಲ್ಲ. ಮಳೆ ಇರಲಿ ಇಲ್ಲದಿರಲಿ, ಪ್ರತಿ ವಾರ ಹೋಗಿ ಆ ಗೋಡೆಗೆ ಕಿವಿಗೊಟ್ಟು ನಿಂತಳು. ತನ್ನ ಮನೆಯ ಸುದ್ದಿಯನ್ನು ಅಲ್ಲಿ ಕೇಳಿದಳು. “ಯಲ್ಲೇಶಗ ಮಳ್ಯಾಗ ಚಹಾ ಬೇಕ ಬೇಕು. ಜಾಂಬೋಟಿ ಮುಟ್ಟೂದ್ರಾಗ ಎಷ್ಟು ಸಲ ಲಾರಿ ನಿಲ್ಲಸ್ತಿದ್ದ ಮಗಾ,” ಎಂದು ಒಂದು ದಿನ ಗನಿ ನಕ್ಕದ್ದೂ ಕೇಳಿಸಿತು. ಮನೆಗೆ ಬಂದರೆ ಅದೇ ಕಲ್ಲು. ಆದರೂ ಅವಳು ವಾರವಿಡೀ ಆ ನಗುವಿನ ಮೇಲೆ ಬದುಕಿದಳು.

ಚಳಿ ಬಿದ್ದ ಮೇಲೊಂದು ಬುಧವಾರ ಬಸಯ್ಯ ಗೇಟಿನಲ್ಲೇ ನಿಂತಿದ್ದ. “ಶೇವಂತಿಗೆ ಹೊಟ್ಟಿಶೂಲಿ ಬಂತ್ರಿ. ಡಾಕ್ಟರ ಬಂದ್ರು, ಸೂಜಿ ಆತು. ಉಳೀಲಿಲ್ಲ.” ತೋಟದ ಮೂಲೆಯಲ್ಲಿ ಜೆಸಿಬಿ ತೋಡಿ ಮುಚ್ಚಿದ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು. ಗನಿ ಅದರ ಹತ್ತಿರ ಹೋಗಲಿಲ್ಲ. ಖಾಲಿ ಲಾಯದೊಳಗೆ ಹೋಗಿ ಕೂತ. ಬಸ್ಸಿನ ಹೊತ್ತಾದಾಗ ಮರಿಯಮ ಕೈಹಿಡಿದು ಎಬ್ಬಿಸಬೇಕಾಯಿತು.

ಇನ್ನೊಂದು ಕುದುರೆ ಸಾಕಲು ಟ್ರಸ್ಟಿನವರು ಒಪ್ಪಲಿಲ್ಲ. ದಾನೇಶ್ವರಿ ಗನಿಯ ತೊಡೆಯ ಮೇಲೆ ಮೊಲವೊಂದನ್ನು ಇಟ್ಟು ನೋಡಿದಳು. ಅವನ ಎರಡೂ ಕೈ ಬದಿಗೇ ಬಿದ್ದಿದ್ದವು. ಮೊಲ ಸ್ವಲ್ಪ ಹೊತ್ತು ಮೂಗು ಅಲ್ಲಾಡಿಸಿ, ಕೆಳಗಿಳಿದು ಹೋಯಿತು.

ಮರಿಯಮಳ ಕನ್ನಡ ಸಂತೆಯ ಕನ್ನಡ, ಕೇಳಿದರೆ ತಿಳಿಯುತ್ತಿತ್ತು, ಆಡಲು ಕಾಯಿಪಲ್ಲೆ ಕೊಳ್ಳುವುದಕ್ಕಿಂತ ತುಸುವೇ ಹೆಚ್ಚು ಬರುತ್ತಿತ್ತು. ಅದನ್ನೇ ಒಲೆಯ ಮುಂದೆ ಕೂತು ಮನಸ್ಸಿನಲ್ಲಿ ಹೊಂದಿಸಿಕೊಂಡಳು. ಒಂದು ಮಧ್ಯಾಹ್ನ ಗನಿಯ ತಾಟಿಗೆ ರೊಟ್ಟಿ ಹಾಕಿ ಎದುರಿಗೇ ಕೂತಳು.

“ರೊಟ್ಟಿ ಚೊಲೋ ಆಗ್ಯಾವೇನ್ರಿ?”

ಗನಿಯ ಕೈ ತಾಟಿನಲ್ಲೇ ನಿಂತಿತು.

“ನೀವು ಶೇವಂತಿ ಮುಂದ ಹೇಳಿದ್ದು ನಾ ಎಲ್ಲಾ ಕೇಳೀನಿ. ಗ್ವಾಡಿ ಹಿಂದ ನಿಂತು ಕೇಳೀನಿ. ಇನ್ನ ನನ್ನ ಮುಂದ ಹೇಳ್ರಿ. ಕನ್ನಡದಾಗನ ಹೇಳ್ರಿ, ನನಗೂ ತಿಳಿತೈತಿ. ಯಲ್ಲೇಶನ ಮಾತರ ಹೇಳ್ರಿ.”

ಗನಿ ತಲೆಯೆತ್ತಿದ. ಎಷ್ಟೋ ಕಾಲದ ಮೇಲೆ ಅವಳನ್ನು ನೇರವಾಗಿ ನೋಡಿದ. ಮನೆಗೆ ನುಗ್ಗಿ ಉಳಿದ ಒಂದೇ ಒಂದು ಸಾಮಾನನ್ನೂ ಎತ್ತಿಕೊಂಡವರನ್ನು ನೋಡುವ ನೋಟ ಅದು.

“ಬಸ್,” ಎಂದ, ಉರ್ದುವಿನಲ್ಲಿ. ಸಾಕು ಎಂದು.

ತಾಟಿನಲ್ಲೇ ಕೈ ತೊಳೆದು ಎದ್ದು ಹೋದ. ಅಂದಿನಿಂದ ಅವಳು ಊಟಕ್ಕಿಟ್ಟು ಒಳಗೆ ಸರಿಯುವವರೆಗೆ ತುತ್ತು ಮುಟ್ಟುತ್ತಿರಲಿಲ್ಲ. ಬುಧವಾರ ಬಸ್ಸಿನ ಹೊತ್ತಿಗೆ ಕರೆದರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ.

ಎರಡು ಮೂರು ವಾರ ಬಾರದ್ದನ್ನು ಕಂಡು ದಾನೇಶ್ವರಿ ಫೋನ್ ಮಾಡಿದಳು. “ಹೆಂಗದಾರ್ರಿ? ಮನ್ಯಾಗ ಏನರ ಮಾತಾಡಿದ್ರೇನು?”

“ಒಂದು ಮಾತು ಆಡಿದ್ರು,” ಎಂದಳು ಮರಿಯಮ.

“ಖರೇನ? ಅಯ್ಯ, ಎಷ್ಟು ಚೊಲೋ ಆತ್ರಿ! ನೋಡ್ರಿ, ನಾ ಹೇಳಿದ್ದಿಲ್ಲ?”

ಆ ಕಡೆಯ ದನಿ ಅಷ್ಟು ಹಿಗ್ಗಿತ್ತು. ಅದು ಯಾವ ಮಾತೆಂದು ಹೇಳುವ ಮನಸ್ಸು ಮರಿಯಮಳಿಗೆ ಬರಲಿಲ್ಲ. “ಹೂಂ ರೀ,” ಎಂದು ಫೋನ್ ಇಟ್ಟಳು.