ಸೆರಗಿನಲ್ಲಿ ಮೂರು ಫ್ಯೂಸು

"ನಾನು ಇಳಿದು ಬಂದು ಕೇಳೋತನಕ ಯಾರಿಗೂ ಕೊಡಬ್ಯಾಡ್ರಿ, ಅವ್ವ. ನಿಮ್ಮ ಮಗ ಕೇಳಿದ್ರೂ ಇಲ್ಲ ಅನ್ರಿ."

ಲೈನ್‌ಮನ್ ಹುಲುಗೇಶ್ ಟ್ರಾನ್ಸ್‌ಫಾರ್ಮರಿನಿಂದ ಕಿತ್ತ ಮೂರು ಪಿಂಗಾಣಿ ಫ್ಯೂಸುಗಳನ್ನು ಉಚ್ಚಂಗೆಮ್ಮನ ಸೆರಗಿಗೆ ಹಾಕಿದ. ಕಂಬ ಹತ್ತುವಾಗ ಅವನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದು ಅವನ ರೂಢಿ. ಫ್ಯೂಸು ತನ್ನ ಹತ್ತಿರವಿದ್ದರೆ ಕೆಳಗಿನವರು ಅವಸರಪಟ್ಟು ಕರೆಂಟು ಕೊಡಲಾರರು. ಇವತ್ತು ತಂತಿಯ ಮೇಲೆ ಬಿದ್ದ ಬೇವಿನ ಕೊಂಬೆ ಕಡಿಯುವಾಗ ಜೇಬೇ ಹರಿದುಹೋಗಿತ್ತು. ಮುದುಕಿ ಸೆರಗಿಗೆ ಗಂಟು ಹಾಕಿ ಕಲ್ಲಿನ ಮೇಲೆ ಕುಳಿತಳು.

ರಾತ್ರಿಯ ಗಾಳಿಮಳೆಗೆ ಬಂಡ್ರಿ ಊರಿನ ತಂತಿಗಳು ನೆಲ ಹಿಡಿದಿದ್ದವು. ಸಂಡೂರಿನ ದಾರಿಗೆ ಮರ ಬಿದ್ದು ಆಂಬುಲೆನ್ಸು ಬರುವಂತಿರಲಿಲ್ಲ. ನಸುಕಿನಲ್ಲಿ ಹುಟ್ಟಿದ ಅವಳ ಮೊಮ್ಮಗಳು, ತಿಂಗಳು ತುಂಬದ ಕೂಸು, ಊರಿನ ಆಸ್ಪತ್ರೆಯಲ್ಲೇ ಕಾವು ಕೊಡುವ ಯಂತ್ರದ ಕೆಳಗೆ ಮಲಗಿತ್ತು. ಯಂತ್ರ ಬ್ಯಾಟರಿಯ ಮೇಲೆ ನಡೆಯುತ್ತಿತ್ತು.

ಮಗ ಪ್ರವೀಣ ಆಸ್ಪತ್ರೆಯಿಂದ ಓಡಿ ಬಂದ. "ಯವ್ವಾ, ಬ್ಯಾಟರಿ ಮುಗಿಯಾಕ ಬಂದೈತಿ! ಅಗೋ, ಹುಲುಗೇಶ್ ಕೈ ಬೀಸಿದ. ಕೆಲಸ ಆತು, ಫ್ಯೂಸು ಕೊಡು."

"ಇಳಿದು ಬಂದು ಕೇಳ್ಲಿ."

"ಅಲ್ಲಿ ಕೂಸಿನ ಕೈಕಾಲು ತಣ್ಣಗಾಗಾಕತ್ತಾವು! ಕಲ್ಲೇನು ನೀನು?"

 ಗಂಟನ್ನು ಎದೆಗೆ ಅವಚಿಕೊಂಡಳು. "ಕಂಬದ ಮ್ಯಾಲಿರಾಂವನ್ನೂ ಒಬ್ಬಾಕಿ ಹಡದಾಳಲೇ."

ಅಷ್ಟರಲ್ಲಿ ಕಂಬದಿಂದ ಕೂಗು ಬಂತು: "ಹಗ್ಗ ತರ್ರಿ ಅಂತ ಕೈ ಬೀಸಾಕತ್ತೀನಿ, ನಿಂತು ನೋಡ್ತೀರಲ್ಲಪ್ಪ! ತಂತಿ ಇನ್ನೂ ನನ್ನ ಕೈಯಾಗೈತಿ!"

ಪ್ರವೀಣನ ಮುಖ ಬಿಳಿಚಿಕೊಂಡಿತು. ಹಗ್ಗ ಎತ್ತಿಕೊಂಡು ಓಡಿದ.

ಉಚ್ಚಂಗೆಮ್ಮ ತಲೆಯೆತ್ತಿದಳು. ಕೆಂಪು ಗುಡ್ಡಗಳ ಮೇಲಿನ ಕರಿಮೋಡದ ಎದುರು, ಬರಿಗಾಲಲ್ಲಿ ಕಂಬವನ್ನು ತಬ್ಬಿ, ಆ ಸಣಕಲು ಮನುಷ್ಯ ಊರಿನ ತಂತಿಯನ್ನು ಒಬ್ಬನೇ ಎಳೆದು ಬಿಗಿಯುತ್ತಿದ್ದ. ಗುಂಡಿ ಒತ್ತಿದರೆ ಬೆಳಕು ಬರುತ್ತದೆ ಎಂದಷ್ಟೇ ಇಷ್ಟು ವರ್ಷ ಅವಳಿಗೆ ಗೊತ್ತಿದ್ದುದು. ರೆಪ್ಪೆ ಬಡಿಯಲೂ ಹೆದರಿ ನೋಡುತ್ತ ಕುಳಿತಳು.

ಕೊನೆಗೆ ಅವನು ಇಳಿದು ಬಂದು ಕೈ ಚಾಚಿದ. "ಈಗ ಕೊಡ್ರಿ, ಅವ್ವ."

ಕೈಬೆವರಿಗೆ ಒದ್ದೆಯಾಗಿದ್ದ ಗಂಟು ಬಿಚ್ಚಲೊಲ್ಲದು. ಹಲ್ಲಿನಿಂದ ಜಗ್ಗಿದಳು.

"ಬ್ಯಾಂಕಿನ ಲಾಕರ್ ಆತಲ್ರಿ ಇದು!" ಎಂದು ಅವನು ನಕ್ಕ.

ಮೂರನೆಯ ಫ್ಯೂಸು ಕೂತೊಡನೆ ಆಸ್ಪತ್ರೆಯ ಟ್ಯೂಬ್‌ಲೈಟು ಮಿಣುಕಿ ಹತ್ತಿಕೊಂಡಿತು. ನರ್ಸ್ ಪಲ್ಲವಿ ಕಿಟಕಿಯಿಂದ ಕೂಗಿದಳು: "ಬಂತ್ರೀ! ಮಿಷನ್ ಚಾಲೂ ಆತು! ಬರ್ರಿ, ಕೂಸು ಅಳಾಕತ್ತೈತಿ!"

ಪ್ರವೀಣ ಎರಡು ಹೆಜ್ಜೆ ಓಡಿದವನು ನಿಂತ. ಹಿಂದಿರುಗಿ ಬಂದು, ಕಂಬದ ಬುಡದಲ್ಲಿ ಕೆಸರಿಗೆ ಹೂತಿದ್ದ ಹುಲುಗೇಶನ ಚಪ್ಪಲಿಗಳನ್ನು ಕಿತ್ತು ಪಕ್ಕದ ಹೊಂಡದ ನೀರಿನಲ್ಲಿ ತೊಳೆದ. ತನ್ನ ಲುಂಗಿಗೆ ಒರೆಸಿ, ಅವನ ಕಾಲಿನ ಮುಂದೆ ಜೋಡಿಸಿಟ್ಟ.