ಹನ್ನೆರಡಕ್ಕ ಭರತಿ

ಮುತ್ತಪ್ಪನ ಫೋನಿನಲ್ಲಿ ಆ ದೋಣಿಯವನ ನಂಬರು ಇನ್ನೂ ಇತ್ತು. ಒಂಬತ್ತು ತಿಂಗಳು ಅದನ್ನು ಅಳಿಸುವ ಧೈರ್ಯವೂ ಬಂದಿರಲಿಲ್ಲ, ಒತ್ತುವ ಧೈರ್ಯವೂ ಬಂದಿರಲಿಲ್ಲ. ಇವತ್ತು ಒತ್ತಲೇಬೇಕಾಗಿತ್ತು. ಹೆಂಡತಿ ಮಹಾನಂದಾ ಎದುರಿಗೇ ಕೂತು, ಮಾದಲಿಯ ಸಿಹಿ ಮಾಡಲೆಂದು ಗೋದಿ ಹಸನು ಮಾಡುತ್ತಿದ್ದಳು.

ಮಾದಲಿ ಅವರ ಮಗ ಶ್ರೀಶೈಲನಿಗೆ. ಹೋದ ಫೆಬ್ರುವರಿಯಲ್ಲಿ ಅವನು ಐದು ಮಂದಿ ಗೆಳೆಯರ ಜೊತೆ ಕಾರವಾರದ ಕಡೆ ಸಮುದ್ರದ ಗವಿ ನೋಡಲು ಹೋದವನು. ದೋಣಿ ಗವಿಯ ಬಾಯೊಳಗೆ ಹೊಕ್ಕಾಗ ತೆರೆ ಎದ್ದು ಅದನ್ನು ಮೇಲಿನ ಬಂಡೆಗೆ ಅಪ್ಪಳಿಸಿತು. ಐದು ಮಂದಿ ಹೇಗೋ ಹೊರಬಂದರು. ಅವನು ಬರಲಿಲ್ಲ. ಮಣ್ಣು ಕೊಡಲು ಹೆಣವೂ ಸಿಗಲಿಲ್ಲ. ಮಳೆಗಾಲ ಮುಗಿದು ದೋಣಿಗಳು ಮತ್ತೆ ನೀರಿಗಿಳಿದವು ಎಂದು ಕೇಳಿದ ದಿನದಿಂದ ಮಹಾನಂದಾ ಒಂದೇ ಹಟ ಹಿಡಿದಿದ್ದಳು: ಆ ಗವಿಯ ಬಾಯಿಗೆ ಹೋಗಿ ಮಗನಿಗೆ ಎಡೆ ಇಟ್ಟು ಬರಬೇಕು.

"ಬೆಳಿಗ್ಗೆ ಹೋಗಿ ಸಂಜಿಕೆ ಬಂದ ಬಿಡೂಣ್ರಿ. ಆದ್ರ ಆ ಬಾಬಾಜಾನನ ಗಾಡಿ ಮಾತ್ರ ಬ್ಯಾಡ. ಅವನ ಮಾರಿ ನೋಡಾಕ ನನಗ ಆಗೂದಿಲ್ಲ."

ಅವತ್ತು ಹುಡುಗರನ್ನು ತನ್ನ ಕ್ರೂಸರಿನಲ್ಲಿ ಕರೆದುಕೊಂಡು ಹೋದವನು ಬಾಬಾಜಾನ. ಯಲ್ಲಾಪುರದಲ್ಲಿ ಗಾಡಿ ನಿಲ್ಲಿಸಿ ಎರಡು ತಾಸು ಚಹಾ ಕುಡಿಯುತ್ತ ಕೂತನಂತೆ. ಎರಡು ತಾಸು ಮೊದಲು ಬಂದಿದ್ದರೆ ಹುಡುಗ ಉಳಿಯುತ್ತಿದ್ದ ಎಂದು ಅಲ್ಲಿಯ ಜನ ಅಂದರಂತೆ. ಅವರ ಊರು ಮುನವಳ್ಳಿಗೆ ಇಷ್ಟು ಸಾಕಾಯಿತು. ಊರಿನ ಬಾಯಿಗೆ ಬಿದ್ದ ಮೇಲೆ ಯಾರು ಉಳಿದಾರು? ಮದುವೆಗೆ, ದೇವರಿಗೆ ಎಂದು ಅವನ ಗಾಡಿ ಹೇಳುತ್ತಿದ್ದವರೆಲ್ಲ ಬೇರೆ ಗಾಡಿ ಹುಡುಕಿಕೊಂಡರು. ಮಹಾನಂದಾ ನಡುಪೇಟೆಯಲ್ಲಿ ನಿಂತು ಅವನಿಗೆ ಹಿಡಿಶಾಪ ಹಾಕಿದಳು. ಅವನು ತಲೆ ತಗ್ಗಿಸಿ ನಿಂತಿದ್ದ, ತುಟಿ ಪಿಟಕ್ಕೆನ್ನಲಿಲ್ಲ. ತಪ್ಪಿಲ್ಲದಿದ್ದರೆ ಸುಮ್ಮನೆ ಯಾಕೆ ಇರುತ್ತಾನೆ ಎಂದು ಊರು ಅದಕ್ಕೂ ಅರ್ಥ ಹಚ್ಚಿತು.

ಮುತ್ತಪ್ಪ ನಂಬರು ಒತ್ತಿ, ಹೆಸರು ಹೇಳದೆ, ಸೋಮವಾರ ದೋಣಿ ಸಿಗುತ್ತದೆಯೇ ಎಂದು ಕೇಳಿದ.

"ಸೋಮವಾರ ಬೆಳಿಗ್ಗೆ ಏಳಕ್ಕೆ ಭರತಿ ಉಂಟು," ಎಂದಿತು ಆ ಕಡೆಯ ದನಿ. "ಹನ್ನೆರಡರ ಮೇಲೆ ಬನ್ನಿ."

ಭರತಿ. ಮುತ್ತಪ್ಪ ಒಂಬತ್ತು ತಿಂಗಳ ಹಿಂದೆಯೂ ಇದೇ ದನಿಯಿಂದ ಇದೇ ಮಾತು ಕೇಳಿದ್ದ.

"ಭರ್ತಿ ಅಂದ್ರ... ನೀರು ತುಂಬೂದಲ್ರಿ? ಅದು ಛಲೋನ ಅಲ್ರಿ?"

"ಎಂಥ ಛಲೋ ಮಾರಾಯ್ರೇ! ಸಮುದ್ರ ಏರ್ತದೆ. ಗುಹೆ ಬಾಯಿ ಅರ್ಧ ಮುಚ್ಚಿ ಹೋಗ್ತದೆ. ಹೋದ ಫೆಬ್ರುವರಿಯಲ್ಲಿ ನಿಮ್ಮ ಕಡೆಯ ಹಿರಿಯರೊಬ್ಬರಿಗೆ ಇದನ್ನೇ ಹೇಳಿದ್ದೆ. ಹನ್ನೆರಡಕ್ಕೆ ಭರತಿ, ನೋಡ್ಕೊಂಡು ಬನ್ನಿ ಅಂತ. ಸರಿಯಾಗಿ ಹನ್ನೆರಡಕ್ಕೇ ಬಂದ್ರು ಹುಡುಗ್ರು! ನಾನು ಒಲ್ಲೆ ಅಂದೆ. ಬೇರೆ ದೋಣಿ ಹತ್ತಿದ್ರು. ಒಂದು ಜೀವ ಹೋಯ್ತು."

ಆ ಹಿರಿಯ ಮುತ್ತಪ್ಪನೇ.

ಅವನು ನವಿಲುತೀರ್ಥದ ಡ್ಯಾಮಿನಲ್ಲಿ ಮೂವತ್ತೊಂದು ವರ್ಷ ಗೇಟು ಏರಿಸಿ ಇಳಿಸಿದ ಮನುಷ್ಯ. ಡ್ಯಾಮು ಭರ್ತಿಯಾಯಿತೆಂದರೆ ಸುತ್ತಲ ಹತ್ತೂರಿಗೆ ಹಬ್ಬ. ಜನ ಬುತ್ತಿ ಕಟ್ಟಿಕೊಂಡು ನೀರು ನೋಡಲು ಬರುತ್ತಿದ್ದರು. ತುಂಬಿದ ನೀರು ತಿಂಗಳುಗಟ್ಟಲೆ ಮಿಸುಕದೆ ನಿಂತಿರುತ್ತಿತ್ತು. ಬೆಳಗಾದರೆ ಏರಿ ಮಧ್ಯಾಹ್ನ ಇಳಿಯುವ ನೀರು ಅವನಿಗೆ ಗೊತ್ತೇ ಇರಲಿಲ್ಲ. ಅದಕ್ಕೇ ಅವತ್ತು ಮಗನಿಗೆ ದೊಡ್ಡ ತಿಳಿದವನ ಹಾಗೆ ಹೇಳಿದ್ದ: "ಹನ್ನೆರಡಕ್ಕ ಭರ್ತಿ ಐತಂತ, ಆವಾಗ ನೋಡಾಕ ಬರ್ರಿ ಅಂದಾನ. ಲಗೂ ಹೋಗಿ ಏನ್ ಮಾಡ್ತೀರಿ? ಆರಾಮ ಹೋಗ್ರಿ."

ಆಮೇಲೆ ಈ ಮಾತು ಅವನನ್ನು ಚುಚ್ಚಿರಲಿಲ್ಲವೇ? ಚುಚ್ಚಿತ್ತು. ಊರೆಲ್ಲ ಬಾಬಾಜಾನನ ಕಡೆ ಬೆರಳು ತೋರಿಸಿದಾಗ ಆ ಬೆರಳಿನ ಹಿಂದೆ ಅಡಗಿ ಕೂತಿದ್ದ, ಅಷ್ಟೇ.

"ಏನಂದ್ನರಿ?" ಎಂದಳು ಮಹಾನಂದಾ.

"ಸೋಮವಾರ ಬರ್ರಿ ಅಂದಾ," ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.

ಬಾಬಾಜಾನನ ಕ್ರೂಸರು ಬೇವಿನ ಗಿಡದ ಕೆಳಗೆ ಧೂಳು ಹೊದ್ದು ನಿಂತಿತ್ತು. ಅವನು ಯಾರದೋ ಟೆಂಪೋದಲ್ಲಿ ಇಟ್ಟಂಗಿ ಇಳಿಸಿ ಬಂದು ಕೈ ತೊಳೆಯುತ್ತಿದ್ದ. ಮುತ್ತಪ್ಪನನ್ನು ನೋಡಿ ಗಾಬರಿಯಾಗಿ, "ಬರ್ರಿ ಕಾಕಾ, ಕುಂದರ್ರಿ," ಎಂದ.

ಮುತ್ತಪ್ಪ ಕೂರಲಿಲ್ಲ. "ಅವತ್ತ ಯಲ್ಲಾಪುರದಾಗ ಗಾಡಿ ಯಾಕ ನಿಂದರಿಸಿದಿ?"

ಬಾಬಾಜಾನ ಟವೆಲಿನಲ್ಲಿ ಕೈ ಒರೆಸಿಕೊಂಡ.

"ಶ್ರೀಶೈಲನ ಅಂದ್ನರಿ. ಉಳದವರು ಹಿಂದ ಮಕ್ಕೊಂಡಿದ್ರು. ಹನ್ನೆರಡಕ್ಕ ಮುಟ್ಟಿದ್ರ ಸಾಕು, ನಮ್ಮಪ್ಪಗ ನೀರಿಂದೆಲ್ಲಾ ಗೊತ್ತೈತಿ ಅಂದಾ."

"ಗೊತ್ತಿದ್ದೂ ಯಾಕ ಹೇಳಲಿಲ್ಲೋ? ಊರ ಮಂದಿ ನಿನ್ನ ಅನ್ನಾ ಕಸಗೊಂಡ್ರಲ್ಲೋ!"

"ಮಗನ್ನ ಕಳಕೊಂಡ ಮನಿಗಿ ಬಂದು ಏನಂತ ಹೇಳ್ಲಿರಿ ಕಾಕಾ? ನಿಮ್ಮ ಮಾತಿಗೇ ಹ್ವಾದಾ ಅಂತ ಹೇಳ್ಲೇನು?"

ಮುತ್ತಪ್ಪನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮನೆಗೆ ಬಂದವನೇ ಹೊಸ್ತಿಲಲ್ಲಿ ನಿಂತು ಹೆಂಡತಿಗೆ ಎಲ್ಲವನ್ನೂ ಹೇಳಿದ. ಒಂದು ಮಾತನ್ನೂ ಬಿಡಲಿಲ್ಲ. ಅವಳು ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಮೊರದಲ್ಲಿದ್ದ ಗೋದಿಯನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು. "ನಡುಪೇಟ್ಯಾಗ ನಿಂತು ಬೈದೆಲ್ರಿ ಅವನ್ನ," ಎಂದಳು.

ಮರುದಿನ ಬೆಳಿಗ್ಗೆ ತಲೆ ಮೇಲೆ ಸೆರಗು ಹೊದ್ದು ಹೊರಟಳು. ಮುತ್ತಪ್ಪ ಹಿಂದೆ ಹಿಂದೆ ನಡೆದ. ನಡುಪೇಟೆಯಲ್ಲೇ ಬಾಬಾಜಾನ ಸಿಕ್ಕ. ಅಂಗಡಿಯ ಮಂದಿಯೆಲ್ಲ ಇನ್ನೊಂದು ಜಗಳವೆಂದು ಕಿವಿ ನಿಮಿರಿಸಿದರು. ಅವಳು ಅವರೆಲ್ಲರಿಗೂ ಕೇಳುವಷ್ಟು ದನಿ ಎತ್ತಿದಳು.

"ತಪ್ಪು ನಿಂದಲ್ಲ, ನಮ್ಮ ಮನೀದು. ಸೋಮವಾರ ನಿನ್ನ ಗಾಡ್ಯಾಗ ನಾ ನನ್ನ ಮಗನ ಕಡೆ ಹೋಗಬೇಕಪಾ. ಬರ್ತೀಯೇನು?"

ಬಾಬಾಜಾನನ ಕಣ್ಣು ತುಂಬಿದವು. "ಬರತೇನ್ರಿ ಕಾಕು. ಅಲ್ಲಿ ಎಷ್ಟಕ್ಕ ಮುಟ್ಟಬೇಕ್ರಿ?"

"ಹನ್ನೆರಡಕ್ಕ..." ಎಂದ ಮುತ್ತಪ್ಪ.

ಮಹಾನಂದಾ ತಿರುಗಿಯೂ ನೋಡಲಿಲ್ಲ.

"ಇವರನ್ನ ಕೇಳಬ್ಯಾಡ," ಎಂದಳು ಬಾಬಾಜಾನನಿಗೆ. "ನೀನ ಫೋನ್ ಹಚ್ಚಿ ಕೇಳು."