ದೊಡ್ಡ ಗೇಟು

ಶವಪೆಟ್ಟಿಗೆ ಹೊತ್ತ ಆರು ನೇಕಾರ ಹೆಂಗಸರು ಮಿಲ್ಲಿನ ಅಂಗಳದಿಂದ ಹಿಂಬಾಗಿಲ ಕಡೆ ತಿರುಗಿದ್ದರು. ಸತ್ತವಳ ಮಗಳು ಅಡ್ಡ ಹೋಗಿ ನಿಂತಳು. ಅಮ್ಮನನ್ನು ದೊಡ್ಡ ಗೇಟಿನಿಂದಲೇ ಒಯ್ಯಬೇಕು, ಇಲ್ಲವಾದರೆ ಪೆಟ್ಟಿಗೆ ಇಲ್ಲೇ ಇರಲಿ ಎಂದಳು.

ಮಿಲ್ ಸಮಿತಿಯ ಕಾರ್ಯದರ್ಶಿ ಭಾಷಣದ ಹಾಳೆ ಹಿಡಿದೇ ಬೆವರಿದ. ದೊಡ್ಡ ಗೇಟು ಅಧಿಕಾರಿಗಳ ಕಾರುಗಳಿಗೆ ಮಾತ್ರ ಎಂದು ತೀರ್ಮಾನವಾಗಿ ಹತ್ತು ವರ್ಷವಾಗಿತ್ತು.

"ನಿಮ್ಮಮ್ಮ ಶಿಸ್ತಿನ ಹೆಂಗಸು. ಇದಕ್ಕೆಲ್ಲ ಬೇಜಾರು ಮಾಡ್ಕೊಳ್ಳೋರಲ್ಲ."

"ಹೌದು, ಈಗಂತೂ ಮಾಡ್ಕೊಳ್ಳಲ್ಲ," ಎಂದಳು ಮಗಳು.

*

ಮಾಲೀಕನ ಕಾಲದಲ್ಲಿ ಆ ಗೇಟು ಅವನೊಬ್ಬನದು. ಹೆಂಗಸರು ಹಿಂಬಾಗಿಲಲ್ಲಿ ಸಾಲು ನಿಂತು, ನೂಲು ಕದ್ದಿಲ್ಲವೆಂದು ತೋರಿಸಲು ತುರುಬು ಬಿಚ್ಚಬೇಕಿತ್ತು. ಒಂದು ಸಂಜೆ ಆ ಸಾಲಿನಲ್ಲೇ ಒಬ್ಬ ಬಸುರಿ ಕುಸಿದಳು. ತಪಾಸಣೆ ಮುಗಿಯದೆ ಬಿಡುವಂತಿಲ್ಲ ಎಂದರು ಕಾವಲಿನವರು. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ.

ಮಗ್ಗಗಳ ಸದ್ದಿನಲ್ಲಿ ನೇಕಾರರು ಮಾತಾಡುವುದು ದನಿಯಿಲ್ಲದೆ, ಬರೀ ತುಟಿಯಲ್ಲಿ. ಮರುದಿನ ಅಮ್ಮ ಮೇಸ್ತ್ರಿಯ ಕಣ್ಣೆದುರೇ ತುಟಿ ಆಡಿಸಿದಳು. ಮಾತು ಸಾಲಿನಿಂದ ಸಾಲಿಗೆ ದಾಟಿತು. ನಾನೂರು ಮಗ್ಗ ಒಟ್ಟಿಗೆ ನಿಂತವು. ಮುಷ್ಕರ ಹಬ್ಬಿ ವಾರದಲ್ಲಿ ರೈಲು ನಿಂತಿತು, ತಿಂಗಳಲ್ಲಿ ಸೈನಿಕರು ಬಂದೂಕು ಕೆಳಗಿಟ್ಟರು, ಮಾಲೀಕ ದೇಶ ಬಿಟ್ಟ, ಮಿಲ್ಲು ಕೆಲಸಗಾರರ ಸಮಿತಿಯ ಕೈಗೆ ಬಂತು. ದೊಡ್ಡ ಗೇಟಿನಿಂದ ಮೊದಲು ಹೊರಬಂದವಳು ಅಮ್ಮ.

ನೇಕಾರಳ ಮಗಳು ಡಾಕ್ಟರಾದದ್ದು ಆಮೇಲೆ. ಸಮಿತಿಗೆ ಕಾರು ಬಂದದ್ದು, ಗೇಟಿಗೆ ಬೀಗ ಬಿದ್ದದ್ದು, ಹಿಂಬಾಗಿಲಲ್ಲಿ ಮತ್ತೆ ತುರುಬು ಬಿಚ್ಚಿಸಿದ್ದೂ ಆಮೇಲೆಯೇ. ಗೇಟು ತೆಗೆಯಿರೆಂದು ಅಮ್ಮ ವರ್ಷಕ್ಕೊಂದು ಅರ್ಜಿ ಕೊಟ್ಟಳು. ಸಮಿತಿ ಜಪ್ಪಯ್ಯ ಅನ್ನಲಿಲ್ಲ.

*

ಕಾರ್ಯದರ್ಶಿ ಪೆಟ್ಟಿಗೆ ಕೆಳಗಿಡಿಸಿ, ಜನ ತಣ್ಣಗಾಗಲೆಂದು ಮಗ್ಗಗಳ ಸದ್ದಿನ ನಡುವೆಯೇ ಭಾಷಣ ಶುರುಮಾಡಿದ. ಅವನು ಕಚೇರಿಯಿಂದ ಬಂದವನು, ಮಗ್ಗದ ಮುಂದೆ ಒಂದು ದಿನವೂ ನಿಂತವನಲ್ಲ. ಮಗಳು ಅಮ್ಮನ ಗೆಳತಿ ಗಿಡ್ಡಕ್ಕನ ಕಡೆ ತಿರುಗಿ, ಅಮ್ಮನಿಂದ ಕಲಿತಂತೆ ತುಟಿ ಆಡಿಸಿದಳು. ಗಿಡ್ಡಕ್ಕ ಶೆಡ್ಡಿನ ಬಾಗಿಲಲ್ಲಿ ಇಣುಕುತ್ತಿದ್ದವರ ಕಡೆ ತಿರುಗಿದಳು.

"ಅಲ್ಲೇನು ನಡೀತಿದೆ?" ಕಾರ್ಯದರ್ಶಿ ಕೇಳಿದ.

"ಪ್ರಾರ್ಥನೆ, ಸಂಗಾತಿ," ಎಂದಳು ಗಿಡ್ಡಕ್ಕ.

ಮಿಲ್ಲಿನೊಳಗೆ ಪ್ರಾರ್ಥನೆ ನಿಷೇಧ. ಹೆಣದ ಮುಂದೆ ಜಗಳ ಬೇಡವೆಂದು ಅವನು ಕಂಡೂ ಕಾಣದವನಂತೆ ಹಾಳೆಯಲ್ಲಿ ಮುಖ ಹುದುಗಿಸಿದ. ಎರಡು ಸಾಲು ಓದುವಷ್ಟರಲ್ಲಿ ಅವನ ದನಿ ಅವನಿಗೇ ಜೋರಾಗಿ ಕೇಳಿಸಿತು. ಮಗ್ಗಗಳು ನಿಂತಿದ್ದವು.

ಹುಬ್ಬಿನ ಮೇಲೆ ಹತ್ತಿಯ ಧೂಳು ಹೊತ್ತ ನಾನೂರು ಜನ ಅಂಗಳಕ್ಕಿಳಿದರು. ಆರು ಹೆಂಗಸರು ಪೆಟ್ಟಿಗೆ ಎತ್ತಿದರು. ಕಾವಲುಗಾರ ಕಾರ್ಯದರ್ಶಿಯನ್ನೊಮ್ಮೆ, ಜನರನ್ನೊಮ್ಮೆ ನೋಡಿ ಬೀಗ ತೆಗೆದ.

ಗೇಟಿನಾಚೆ ನಿರ್ದೇಶಕರ ಕಾರು ಒಳಬರಲು ಕಾದಿತ್ತು. ಒಂದು ಸಲ ಹಾರ್ನ್ ಹೊಡೆದು ಸುಮ್ಮನಾಯಿತು. ತಿರುಗಿಸಿಕೊಳ್ಳಲು ಜಾಗವಿರಲಿಲ್ಲ. ಪೆಟ್ಟಿಗೆ ಮುಂದೆ ಮುಂದೆ ಬಂದಂತೆ ಕಾರು ಆ ಉದ್ದನೆಯ ರಸ್ತೆಯಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋಯಿತು. ಚಾಲಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ.